ಬೆಸುಗೆ ದಪ್ಪ ಇದ್ದರೆ ಫ್ರೇಮ್ ಗಟ್ಟಿ ಆಗಲ್ಲ

ಕೈಯಲ್ಲಿ ಸೈಕಲ್ ಫ್ರೇಮ್ ಮಾಡಲು ಹೊರಟವರಲ್ಲಿ ಒಂದು ನಂಬಿಕೆ ಬಲವಾಗಿ ಕೂತಿರುತ್ತದೆ: ಟ್ಯೂಬ್ ಸೇರುವ ಕಡೆ ಹಿತ್ತಾಳೆ ಜಾಸ್ತಿ ತುಂಬಿದಷ್ಟೂ ಗಟ್ಟಿ. ಲಗ್, ಅಂದರೆ ಟ್ಯೂಬುಗಳ ತುದಿ ತೂರಿಸಿ ಸೇರಿಸುವ ಲೋಹದ ತೋಳು, ಹಾಕಿದ ಫ್ರೇಮಿನ ಮಟ್ಟಿಗಂತೂ ಇದು ಪೂರ್ತಿ ತಪ್ಪು. ಅಲ್ಲಿ ಬಲ ಇರುವುದು ಹೊರಗೆ ಕಾಣುವ ಲೋಹದಲ್ಲಲ್ಲ, ಲಗ್ಗಿಗೂ ಟ್ಯೂಬಿಗೂ ನಡುವಿನ ಸಂದಿಯಲ್ಲಿ.

ಹಿತ್ತಾಳೆ, ಬೆಳ್ಳಿಯಂಥ ಬೇರೆ ಲೋಹ ಕರಗಿಸಿ ಟ್ಯೂಬು ಬೆಸೆಯುವ ಈ ಕೆಲಸಕ್ಕೆ ಬ್ರೇಜಿಂಗ್ ಅಂತಾರೆ. ಇದರಲ್ಲಿ ಉಕ್ಕು ಕರಗುವುದೇ ಇಲ್ಲ. ಅದು ಕರಗಬೇಕಾದರೆ 1,400 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಹಿತ್ತಾಳೆ ಕಡ್ಡಿ 900ರ ಆಸುಪಾಸಿನಲ್ಲೇ ಕರಗುತ್ತದೆ, ಬೆಳ್ಳಿ ಬೆರೆತದ್ದು 650ಕ್ಕೇ. ಸಂದಿ ಸುಮಾರು 0.1 ಮಿಲಿಮೀಟರ್ ಇದ್ದರೆ, ಕರಗಿದ ಬೆಳ್ಳಿಯನ್ನು ಅದು ದೀಪದ ಬತ್ತಿ ಎಣ್ಣೆ ಎಳೆದುಕೊಂಡ ಹಾಗೆ ಒಳಗೆ ಎಳೆದುಕೊಳ್ಳುತ್ತದೆ. ಸಂದಿ ಅಗಲವಾದರೆ ಆ ಸೆಳೆತ ಸೋಲುತ್ತದೆ. ಅದಕ್ಕೇ ಟ್ಯೂಬಿನ ತುದಿಯನ್ನು ಅರದಿಂದ ಉಜ್ಜಿ ಸರಿಯಾಗಿ ಕೂರಿಸುವ ಬೇಸರದ ಕೆಲಸ ಬೆಂಕಿಯ ಕೆಲಸಕ್ಕಿಂತ ಮುಖ್ಯ.

ಕರಗಿದ ಲೋಹ ಹರಿಯುವುದು ಬಿಸಿ ಇರುವ ಕಡೆಗೆ. ಜ್ವಾಲೆಯನ್ನು ನೇರ ಕಡ್ಡಿಗೇ ಹಿಡಿದರೆ ಅದು ಕರಗಿ ತಣ್ಣನೆ ಉಕ್ಕಿನ ಮೇಲೆ ಬಿದ್ದು, ಅಲ್ಲೇ ಗಂಟು ಕಟ್ಟಿಕೊಳ್ಳುತ್ತದೆ. ನೋಡಲು ದಪ್ಪ, ಒಳಗೆ ಖಾಲಿ! ಬಿಸಿ ಮಾಡಬೇಕಾದ್ದು ಉಕ್ಕನ್ನು. ಮೊದಲು ಫ್ಲಕ್ಸ್ (ಉಕ್ಕಿನ ಮೇಲ್ಮೈ ಶುಚಿಯಾಗಿಡಲು ಹಚ್ಚುವ ಲೇಪ) ಬೆಳ್ಳಗೆ ಉಬ್ಬಿ ಗುಳ್ಳೆ ಏಳುತ್ತದೆ, ಆಮೇಲೆ ನೀರಿನ ಹಾಗೆ ತಿಳಿಯಾಗಿ ಹರಡುತ್ತದೆ. ಆಗ ಕಡ್ಡಿ ಮುಟ್ಟಿಸಿ, ಜ್ವಾಲೆಯನ್ನು ಲಗ್ಗಿನ ಆಚೆ ಅಂಚಿಗೆ ನಿಧಾನವಾಗಿ ಒಯ್ದರೆ ಲೋಹ ಒಳಗಿನಿಂದಲೇ ಹರಿದು ಆ ಅಂಚಿನಲ್ಲಿ ಹೊಳೆಯುವ ಗೆರೆಯಾಗಿ ಇಣುಕುತ್ತದೆ. ಎಷ್ಟು ಸಲ ನೋಡಿದರೂ ಸಾಕೆನಿಸದ ನೋಟ ಇದು. ಫ್ಲಕ್ಸ್ ಕಪ್ಪಾಯಿತೋ, ಬಿಸಿ ಜಾಸ್ತಿಯಾಗಿದೆ. ಹಿತ್ತಾಳೆಯಿಂದ ಬಿಳಿ ಹೊಗೆ ಎದ್ದರೆ ಅದರೊಳಗಿನ ಸತು ಆವಿಯಾಗುತ್ತಿದೆ, ಆ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ.

ಇಂಗ್ಲೆಂಡಿನ ಆಲ್ಫ್ರೆಡ್ ರೇನಾಲ್ಡ್ಸ್ 1897ರಲ್ಲಿ ತುದಿ ದಪ್ಪ, ನಡು ತೆಳು ಇರುವ ಬಟೆಡ್ ಟ್ಯೂಬಿಗೆ ಪೇಟೆಂಟ್ ಪಡೆದರು. ಬೆಂಕಿ ತಾಗುವುದೂ ಭಾರ ಬೀಳುವುದೂ ತುದಿಗೇ ಅಲ್ವಾ? ತುದಿಯಲ್ಲಿ 0.9, ನಡುವೆ 0.6 ಮಿಲಿಮೀಟರ್ ಇರುವ ಟ್ಯೂಬನ್ನು ಅಳೆಯದೆ ಸುಮ್ನೆ ಒಂದೇ ಕಡೆಯಿಂದ ಕತ್ತರಿಸಿದರೆ ದಪ್ಪ ಭಾಗವೇ ಹೋಗಿಬಿಡಬಹುದು. ಆಮೇಲೆ ಬಿರುಕು ಬಿಡುವುದು ಬೆಸುಗೆಯ ಪಕ್ಕದಲ್ಲೇ.

ಫ್ರೇಮ್ ಡೊಂಕಾಗುವುದಕ್ಕೂ ಬಿಸಿಯೇ ಕಾರಣ. ಕಾದ ಭಾಗ ಹಿಗ್ಗಲು ನೋಡುತ್ತದೆ, ಸುತ್ತಲಿನ ತಣ್ಣನೆ ಉಕ್ಕು ಬಿಡುವುದಿಲ್ಲ. ಹಾಗಾಗಿ ಅದು ಅಲ್ಲೇ ಅದುಮಿಕೊಂಡು, ಆರಿದಾಗ ಮೊದಲಿಗಿಂತ ಕುಗ್ಗಿ ಟ್ಯೂಬನ್ನು ತನ್ನ ಕಡೆ ಎಳೆಯುತ್ತದೆ. ಒಂದೇ ಪಕ್ಕ ಪೂರ್ತಿ ಮುಗಿಸಬೇಡಿ, ಎದುರುಬದುರು ಚುಕ್ಕಿ ಬೆಸುಗೆ ಹಾಕಿ. ನೆಟ್ಟಗಿದೆಯಾ ಅಂತ ನೋಡಲು ಒಂದು ದಾರ ಸಾಕು. ಹಿಂದಿನ ಒಂದು ಡ್ರಾಪ್‌ಔಟಿನಿಂದ (ಹಿಂಚಕ್ರದ ಅಚ್ಚು ಕೂರುವ ಸೀಳು) ಶುರುಮಾಡಿ, ಹ್ಯಾಂಡಲ್ ಕೂರುವ ಮುಂದಿನ ಹೆಡ್ ಟ್ಯೂಬನ್ನು ಸುತ್ತಿ, ಇನ್ನೊಂದು ಡ್ರಾಪ್‌ಔಟಿಗೆ ದಾರವನ್ನು ಬಿಗಿಯಾಗಿ ಕಟ್ಟಿ. ಸೀಟಿನ ಕೆಳಗಿನ ಸೀಟ್ ಟ್ಯೂಬಿನಿಂದ ದಾರಕ್ಕೆ ಇರುವ ದೂರ ಎರಡೂ ಬದಿ ಒಂದೇ ಇರಬೇಕು.

ಇನ್ನು, ಬೆಸುಗೆಯಲ್ಲಿ ಸೂಜಿಮೊನೆಯಂಥ ತೂತು ಬಿದ್ದರೆ ಜನ ಕಡ್ಡಿಯನ್ನು ಬೈಯುತ್ತಾರೆ. ಪಾಪ, ಎಷ್ಟೋ ಸಲ ತಪ್ಪು ಅದರದ್ದಲ್ಲ, ಒಳಗೆ ಸಿಕ್ಕಿಬಿದ್ದ ಗಾಳಿಯದು. ಎರಡೂ ತುದಿ ಮುಚ್ಚಿದ ಟ್ಯೂಬಿನ ಗಾಳಿ 27ರಿಂದ 900 ಡಿಗ್ರಿಗೆ ಕಾದರೆ ಒತ್ತಡ ಸುಮಾರು ನಾಲ್ಕು ಪಟ್ಟು ಏರಬಹುದು, ಅದು ಕರಗಿದ ಲೋಹವನ್ನು ತಳ್ಳಿಕೊಂಡು ಹೊರಗೆ ನುಗ್ಗುತ್ತದೆ. ಬೆಂಕಿ ಹಚ್ಚುವ ಮೊದಲೇ ಒಂದು ಸಣ್ಣ ತೂತು ಕೊರೆದಿಡಿ. ಮುಂದೆ ತುಕ್ಕು ತಡೆಯುವ ಎಣ್ಣೆಯನ್ನು ಒಳಗೆ ಬಿಡಲೂ ಅದೇ ದಾರಿ.