ಪಾಠಯೋಜನೆಯಲ್ಲಿ ತಪ್ಪು ಉತ್ತರಕ್ಕೂ ಜಾಗವಿರಲಿ

ಶಾಲೆಗೆ ಹೋಗಿ ಪಾಠ ಮಾಡಿ ಕಲಿಯುವ ಇಂಟರ್ನ್‌ಶಿಪ್ ಹತ್ತಿರ ಬಂತೆಂದರೆ ಬಿ.ಎಡ್. ಕಾಲೇಜುಗಳ ಸುತ್ತಲಿನ ಅಂಗಡಿಗಳಲ್ಲಿ ಚಾರ್ಟ್ ಶೀಟಿಗೂ ಸ್ಕೆಚ್ ಪೆನ್ನಿಗೂ ಎಲ್ಲಿಲ್ಲದ ಬೇಡಿಕೆ. ಪಾಠಯೋಜನೆಯ ಪುಸ್ತಕದಲ್ಲಿ ತೊಡಗಿಸುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂಬ ಐದೂ ಹಂತಗಳು ಗೆರೆ ಹೊಡೆಸಿಕೊಂಡು ಸಾಲಾಗಿ ನಿಂತಿರುತ್ತವೆ. ಗಣಿತ ಬೋಧನೆ ಕಲಿಸುವ ನಾನು ಆ ಪುಸ್ತಕದಲ್ಲಿ ಮೊದಲು ನೋಡುವುದು ವಿದ್ಯಾರ್ಥಿ ಚಟುವಟಿಕೆಯ ಕಾಲಂ. ಅಲ್ಲಿ ಸಾಮಾನ್ಯವಾಗಿ ಇರುವ ವಾಕ್ಯ ಒಂದೇ: 'ಮಕ್ಕಳು ಸರಿಯಾಗಿ ಉತ್ತರಿಸುವರು.' ಅಷ್ಟು ಸರಿಯಾಗಿ ಉತ್ತರಿಸುವ ಮಕ್ಕಳಿಗೆ ನಿಮ್ಮ ಪಾಠ ಯಾಕೆ ಬೇಕು?

ಆರನೇ ತರಗತಿಯ ಭಿನ್ನರಾಶಿಯನ್ನೇ ತೆಗೆದುಕೊಳ್ಳಿ. 1/2 + 1/3 ಎಷ್ಟು ಎಂದು ಕೇಳಿದರೆ 2/5 ಎನ್ನುವ ಮಕ್ಕಳು ಯಾವ ಊರಿನ ಶಾಲೆಯಲ್ಲೂ ಸಿಗುತ್ತಾರೆ. ಇದು ಅವಸರದ ತಪ್ಪಲ್ಲ. ಇಷ್ಟು ವರ್ಷ ಪೂರ್ಣಸಂಖ್ಯೆಗಳನ್ನು ಕೂಡಿಸಿದ ಮಗು ಮೇಲಿನದಕ್ಕೆ ಮೇಲಿನದನ್ನು, ಕೆಳಗಿನದಕ್ಕೆ ಕೆಳಗಿನದನ್ನು ಸೇರಿಸಿದೆ, ಅಷ್ಟೆ. 1/3ಕ್ಕಿಂತ 1/4 ದೊಡ್ಡದು ಎನ್ನುವ ಮಗುವಿನದೂ ಇದೇ ಲೆಕ್ಕ: ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ? "ತಪ್ಪು, ಕೂತ್ಕೋ" ಎಂದು ಲ.ಸಾ.ಅ. ಶುರುಮಾಡಿದರೆ ಪೀರಿಯಡ್ ಮುಗಿಯುತ್ತದೆ, 2/5 ಮಾತ್ರ ತಲೆಯಿಂದ ಕದಲುವುದಿಲ್ಲ. ಬದಲಿಗೆ ಆ 2/5 ಅನ್ನು ಬೋರ್ಡಿನ ಮೇಲೆ ಬರೆದು, ಅದು ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಕೇಳಿ. ಅರ್ಧ ರೊಟ್ಟಿಗೆ ಇನ್ನೊಂದು ಚೂರು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಹೇಗಾಯಿತು? ತರಗತಿ ತಾನೇ ಜಗಳಕ್ಕೆ ಬೀಳುತ್ತದೆ. ಆಗ ಹಳೆಯ ಪೇಪರಿನ ಪಟ್ಟಿಗಳನ್ನು ಹಂಚಿ ಆರು ಸಮಭಾಗವಾಗಿ ಮಡಿಸಲು ಹೇಳಿ. ಅರ್ಧವೆಂದರೆ ಮೂರು ಮಡಿಕೆ, ಮೂರನೇ ಒಂದು ಎಂದರೆ ಎರಡು. ಕೂಡಿದರೆ ಐದು ಮಡಿಕೆ, ಅಂದರೆ 5/6. ಲ.ಸಾ.ಅ. ಆಮೇಲೆ ಬರಲಿ. ಗೋಡೆಗೆ ತೂಗುಹಾಕಿದ ಬಣ್ಣದ ಚಾರ್ಟಿಗಿಂತ ಮಗುವಿನ ಕೈಯಲ್ಲಿರುವ ಈ ಪಟ್ಟಿಯ ಮೇಲೆ ನನಗೆ ನಂಬಿಕೆ ಹೆಚ್ಚು.

ಕಾಲೇಜಿನ ಸೂಕ್ಷ್ಮ ಬೋಧನೆಯಲ್ಲಿ, ಅಂದರೆ ಚಿಕ್ಕ ಅಭ್ಯಾಸ ಪಾಠದಲ್ಲಿ, ತಪ್ಪು ಉತ್ತರವನ್ನು ಎದುರಿಸುವ ಈ ತಯಾರಿ ಆಗುವುದಿಲ್ಲ. ಅಲ್ಲಿ ಮಕ್ಕಳಾಗಿ ಕೂರುವವರು ಸಹಪಾಠಿಗಳು, ನಾಳೆ ತಮ್ಮ ಸರದಿಯೂ ಇದೆಯೆಂಬ ಕರುಣೆಯಿಂದ ಸರಿಯುತ್ತರವನ್ನೇ ಕೊಡುತ್ತಾರೆ. ಯಾರೂ 2/5 ಎನ್ನುವುದಿಲ್ಲ.

ಹಾಗಾದರೆ ತಪ್ಪು ಉತ್ತರಗಳು ಎಲ್ಲಿ ಸಿಗುತ್ತವೆ? ಬಿ.ಎಡ್. ಎರಡು ವರ್ಷದ್ದಾದ ಮೇಲೆ ಮೊದಲ ವರ್ಷ 4 ವಾರ, ಎರಡನೇ ವರ್ಷ 16 ವಾರ ಶಾಲೆಯಲ್ಲಿರಬೇಕೆಂದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿಯ (ಎನ್‌ಸಿಟಿಇ) 2014ರ ನಿಯಮಾವಳಿ ಹೇಳುತ್ತದೆ. ಆ ಮೊದಲ ವಾರಗಳ ಅವಲೋಕನದಲ್ಲಿ ಹೆಚ್ಚಿನವರು ಶಿಕ್ಷಕರನ್ನೇ ನೋಡುತ್ತಾರೆ. ಕೊನೆಯ ಬೆಂಚಿನಲ್ಲಿ ಕೂತು ಮಕ್ಕಳ ನೋಟ್‌ಬುಕ್ ನೋಡಿ. ವಿಷಯ ಶಿಕ್ಷಕರನ್ನು ಕೇಳಿ ರೂಪಣಾತ್ಮಕ ಪರೀಕ್ಷೆಯ, ಅಂದರೆ ಕಲಿಕೆಯ ನಡುವೆಯೇ ನಡೆಸುವ ಪರೀಕ್ಷೆಯ, ಉತ್ತರಪತ್ರಿಕೆಗಳ ಕಟ್ಟನ್ನು ಒಂದು ಸಂಜೆ ತಿರುವಿಹಾಕಿ. ಯಾವ ಲೆಕ್ಕದಲ್ಲಿ ಎಷ್ಟು ಜನ ಒಂದೇ ರೀತಿ ಎಡವಿದ್ದಾರೆಂದು ಅಲ್ಲೇ ಕಾಣುತ್ತದೆ. ಹಾಜರಿ ಪುಸ್ತಕದಿಂದ ಹೆಸರುಗಳನ್ನೂ ಅಷ್ಟರಲ್ಲಿ ಕಲಿತುಬಿಡಿ.

ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರುವುದನ್ನೂ ಅಭ್ಯಾಸ ಮಾಡಬೇಕು. ಶಿಕ್ಷಕರು ಉತ್ತರಕ್ಕಾಗಿ ಕಾಯುವುದು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಮಾತ್ರ ಎಂದು ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಕಂಡುಕೊಂಡಿದ್ದರು. ಮೂರು ಸೆಕೆಂಡು ಕಾದಲ್ಲಿ ಉತ್ತರಗಳು ಉದ್ದವಾದವು, ಬಾಯಿಬಿಡದ ಮಕ್ಕಳು ಕಡಿಮೆಯಾದರು. ಹೊಸಬರಿಗೆ ಆ ಮೂರು ಸೆಕೆಂಡು ಯುಗದಂತೆ ಅನ್ನಿಸಿ, "ಅರ್ಥ ಆಯ್ತಾ?" ಎಂದು ಬಾಯಿಹಾಕುತ್ತಾರೆ. "ಆಯ್ತು ಮಿಸ್" ಎಂದು ಇಡೀ ತರಗತಿ ರಾಗ ಎಳೆಯುತ್ತದೆ. ಆ ರಾಗದಿಂದ ನಿಮಗೆ ಏನೂ ತಿಳಿಯುವುದಿಲ್ಲ.

ಗಲಾಟೆ ಮಾಡಿದರೆ ಏನು ಮಾಡಲಿ ಎಂದು ಪ್ರತಿ ಬ್ಯಾಚಿನವರೂ ಕೇಳುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ, ಆ ದಾರಿ ಮುಚ್ಚಿದೆ. ಕೈಗೆ ಕೆಲಸವಿಲ್ಲದೆ ಹತ್ತು ನಿಮಿಷ ಕೂರಿಸಿದರೆ ಯಾವ ಮಗುವೂ ಗಲಾಟೆ ಮಾಡುತ್ತದೆ. ದೊಡ್ಡವರ ಮೀಟಿಂಗುಗಳನ್ನು ನೋಡಿಲ್ಲವೇ?

ಪಾಠ ಮುಗಿದ ಸಂಜೆ ದಿನಚರಿಯಲ್ಲಿ ಮಕ್ಕಳು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡಿ, ಮರುದಿನದ ಪಾಠ ಅಲ್ಲಿಂದಲೇ ಹುಟ್ಟುತ್ತದೆ. 'ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು' ಎಂದಷ್ಟೇ ಬರೆದು ತಂದವರಿಗೆ ನಾನು ಅಂಕ ಕೊಡುವುದಿಲ್ಲ.