ಅದೇ ರಾಕೆಟ್, ಬೇರೆ ಗ್ರಹ

1958ರಲ್ಲಿ ಅಮೆರಿಕದಲ್ಲಿ ‘ಕ್ವೀನ್ ಆಫ್ ಔಟರ್ ಸ್ಪೇಸ್’ ಅಂತ ಒಂದು ಸಿನಿಮಾ ಬಂತು. ಗಗನಯಾತ್ರಿಗಳು ಹೋಗಿ ಶುಕ್ರ ಗ್ರಹದಲ್ಲಿ ಬೀಳುತ್ತಾರೆ. ಅಲ್ಲಿ ನೋಡಿದರೆ ಹೆಂಗಸರದ್ದೇ ರಾಜ್ಯ. ಕಥೆ ಹೆಚ್ಚೂಕಡಿಮೆ ಇಷ್ಟೇ. ಸ್ವಾರಸ್ಯ ಇರುವುದು ಬೇರೆ ಕಡೆ. ಈ ಯಾತ್ರಿಗಳು ತೊಟ್ಟ ಸಮವಸ್ತ್ರ ಎರಡು ವರ್ಷ ಹಿಂದಿನ ‘ಫರ್ಬಿಡನ್ ಪ್ಲಾನೆಟ್’ ಎಂಬ ದುಬಾರಿ ಚಿತ್ರದ್ದು. ರಾಕೆಟ್ಟಿನ ದೃಶ್ಯಗಳು 1956ರ ‘ವರ್ಲ್ಡ್ ವಿದೌಟ್ ಎಂಡ್’ನಿಂದ ಬಂದವು. ಆ ಚಿತ್ರವಾದರೂ ರಾಕೆಟ್ಟನ್ನು ಎಲ್ಲಿಂದ ತಂದಿತ್ತು? 1951ರ ‘ಫ್ಲೈಟ್ ಟು ಮಾರ್ಸ್’ನಿಂದ. ಇನ್ನು ‘ಫ್ಲೈಟ್ ಟು ಮಾರ್ಸ್’ನ ನೌಕೆಯೊಳಗಿನ ಸಾಮಾನು ಬಹುತೇಕ 1950ರ ‘ರಾಕೆಟ್‌ಶಿಪ್ ಎಕ್ಸ್-ಎಂ’ ಚಿತ್ರದಿಂದ ಬಂದದ್ದು. ಎಂಟು ವರ್ಷದಲ್ಲಿ ಗ್ರಹ ಬದಲಾಯಿತು, ನಟರು ಬದಲಾದರು, ಸಾಮಾನು ಮಾತ್ರ ಕೈಯಿಂದ ಕೈಗೆ ದಾಟುತ್ತಾ ಹೋಯಿತು.

ಇಂಥ ಅಗ್ಗದ ಅಂತರಿಕ್ಷ ಸಿನಿಮಾಗಳನ್ನು ಇವತ್ತಿಗೂ ಹುಡುಕಿಕೊಂಡು ನೋಡುವವರಿದ್ದಾರೆ. ಯಾಕೆ ಅಂತ ಕೇಳಿದರೆ ‘ಕೆಟ್ಟದಾಗಿದೆ, ಅದಕ್ಕೇ ಮಜಾ’ ಅನ್ನುವವರೇ ಜಾಸ್ತಿ. ನನಗೆ ಇದು ಪೂರ್ತಿ ಸರಿ ಅನಿಸುವುದಿಲ್ಲ. ಕೆಟ್ಟ ಸಿನಿಮಾಗಳಿಗೇನು ಬರವೇ? ಅವುಗಳಲ್ಲಿ ಹೆಚ್ಚಿನವು ಬರೀ ಬೋರು. ಇವುಗಳಲ್ಲಿ ನಮ್ಮನ್ನು ಹಿಡಿದು ಕೂರಿಸುವುದು ಕಾಸಿಲ್ಲದವರ ಉಪಾಯ. ಯಾವುದನ್ನು ಎಲ್ಲಿಂದ ತಂದು ಏನು ಮಾಡಿದ್ದಾರೆ ಎಂಬುದು ಪರದೆ ಮೇಲೆ ಕಣ್ಣಿಗೆ ಕಾಣುತ್ತದೆ.

ಶುರುವಾದದ್ದು 1950ರಲ್ಲಿ. ಆ ವರ್ಷ ಜಾರ್ಜ್ ಪಾಲ್ ಎಂಬ ನಿರ್ಮಾಪಕ ‘ಡೆಸ್ಟಿನೇಷನ್ ಮೂನ್’ ಎಂಬ ಬಣ್ಣದ ಚಿತ್ರ ಮಾಡುತ್ತಿದ್ದ. ಬರವಣಿಗೆಗೆ ಲೇಖಕ ರಾಬರ್ಟ್ ಹೈನ್‌ಲೈನ್ ಕೈಜೋಡಿಸಿದ್ದ. ಚಂದ್ರನ ನೆಲದ ಚಿತ್ರಗಳನ್ನು ಚೆಸ್ಲಿ ಬಾನ್‌ಸ್ಟೆಲ್ ಬರೆದಿದ್ದ. ಪ್ರಚಾರ ಭರ್ಜರಿಯಾಗಿತ್ತು. ಇದನ್ನು ನೋಡಿದ ಲಿಪ್ಪರ್ಟ್ ಎಂಬ ಸಣ್ಣ ಕಂಪನಿ ಸುಮ್ಮನೆ ಕೂರಲಿಲ್ಲ. ಒಂದು ಲಕ್ಷ ಡಾಲರ್‌ಗಿಂತ ಕಡಿಮೆ ದುಡ್ಡಿನಲ್ಲಿ, ಸುಮಾರು 18 ದಿನದ ಶೂಟಿಂಗ್‌ನಲ್ಲಿ ‘ರಾಕೆಟ್‌ಶಿಪ್ ಎಕ್ಸ್-ಎಂ’ ಮುಗಿಸಿ, ದೊಡ್ಡವರಿಗಿಂತ ಕೆಲವು ವಾರ ಮುಂಚೆಯೇ ಥಿಯೇಟರಿಗೆ ತಂದುಬಿಟ್ಟಿತು. ಪ್ರಚಾರ ಅವರದು, ಗಲ್ಲಾಪೆಟ್ಟಿಗೆ ಇವರದು!

ಚಿತ್ರದಲ್ಲಿ ಹೊರಟದ್ದು ಚಂದ್ರನಿಗೆ. ದಾರಿ ತಪ್ಪಿ ಇಳಿದದ್ದು ಮಂಗಳದಲ್ಲಿ. ಚಂದ್ರನಿಗೆ ಹೊರಟವರು ಕೋಟ್ಯಂತರ ಕಿಲೋಮೀಟರ್ ದೂರದ ಮಂಗಳಕ್ಕೆ ಅಕಸ್ಮಾತ್ತಾಗಿ ಹೋಗುವುದು ಹೇಗೆ ಅಂತ ಕೇಳಬೇಡಿ. ಮಂಗಳ ಅಂದರೆ ಕ್ಯಾಲಿಫೋರ್ನಿಯಾದ ಮರುಭೂಮಿ, ಕಪ್ಪು-ಬಿಳುಪು ಚಿತ್ರದಲ್ಲಿ ಆ ಭಾಗಕ್ಕೆ ಮಾತ್ರ ಕೆಂಪು ಛಾಯೆ. ಆದರೆ ಅಲ್ಲಿ ಇವರಿಗೆ ಸಿಗುವುದು ಅಣುಯುದ್ಧದಲ್ಲಿ ನಾಶವಾದ ಒಂದು ನಾಗರಿಕತೆ. ವಾಪಸ್ ಬರುವಾಗ ಇಂಧನ ಮುಗಿದು ಉಳಿದವರೂ ಸಾಯುತ್ತಾರೆ. ಹಿರೋಶಿಮಾ ಆಗಿ ಐದೇ ವರ್ಷ. ದುಡ್ಡು ಕಡಿಮೆ ಇತ್ತು ನಿಜ, ಹೇಳಿದ ವಿಷಯ ಸಣ್ಣದಾಗಿರಲಿಲ್ಲ.

ಇಷ್ಟೊಂದು ಸಣ್ಣ ಕಂಪನಿಗಳಿಗೆ ಜಾಗ ಸಿಕ್ಕಿದ್ದರ ಹಿಂದೆ ಒಂದು ಕೋರ್ಟ್ ತೀರ್ಪಿದೆ. ದೊಡ್ಡ ಸ್ಟುಡಿಯೋಗಳು ಥಿಯೇಟರುಗಳನ್ನೂ ತಾವೇ ಇಟ್ಟುಕೊಳ್ಳುವುದು ತಪ್ಪು ಎಂದು 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಸ್ಟುಡಿಯೋಗಳು ಚಿತ್ರಗಳ ಸಂಖ್ಯೆ ಇಳಿಸಿದವು. ಅದೇ ಹೊತ್ತಿಗೆ ಕಾರಿನಲ್ಲೇ ಕೂತು ಸಿನಿಮಾ ನೋಡುವ ಡ್ರೈವ್-ಇನ್‌ಗಳು ಬೆಳೆದು, 1950ರ ದಶಕದ ಕೊನೆಗೆ ನಾಲ್ಕು ಸಾವಿರ ದಾಟಿದವು. ಒಂದು ಟಿಕೆಟ್ಟಿಗೆ ಎರಡು ಸಿನಿಮಾ ತೋರಿಸಬೇಕಿತ್ತು. ಬರುವವರು ಹರೆಯದ ಹುಡುಗ ಹುಡುಗಿಯರು, ಅವರ ಗಮನ ಪರದೆ ಮೇಲೆ ಇದ್ದರೆ ಇತ್ತು ಇಲ್ಲದಿದ್ದರೆ ಇಲ್ಲ. ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಈ ಮಾರುಕಟ್ಟೆಗೆಂದೇ ಹುಟ್ಟಿದ ಕಂಪನಿ. ಅಲ್ಲಿ ಎಷ್ಟೋ ಸಲ ಮೊದಲು ಹೆಸರು, ಆಮೇಲೆ ಪೋಸ್ಟರ್, ಕೊನೆಗೆ ಕಥೆ. ರಾಕೆಟ್ ಏಳುವ ದೃಶ್ಯಕ್ಕೆ ನ್ಯೂ ಮೆಕ್ಸಿಕೋದಲ್ಲಿ ಸೇನೆ ಹಾರಿಸಿದ ಜರ್ಮನ್ ವಿ-2 ರಾಕೆಟ್‌ಗಳ ಫಿಲ್ಮ್ ಹೇಗೂ ಇತ್ತು. ಹತ್ತಾರು ಚಿತ್ರಗಳು ಅದನ್ನೇ ಬಳಸಿಕೊಂಡವು. ಅದಕ್ಕೇ ನೆಲದ ಮೇಲೆ ಒಂದು ಆಕಾರದಲ್ಲಿದ್ದ ರಾಕೆಟ್ಟು ಹಾರುವಾಗ ಇನ್ನೊಂದು ಆಕಾರಕ್ಕೆ ಬರುತ್ತದೆ.

ಕಾಸಿಲ್ಲದ ಉಪಾಯದ ತುತ್ತತುದಿ ಅಂದರೆ 1953ರ ‘ರೋಬೋಟ್ ಮಾನ್‌ಸ್ಟರ್’. ನಾಲ್ಕು ದಿನ, ಸುಮಾರು 16 ಸಾವಿರ ಡಾಲರ್. ನಿರ್ದೇಶಕ ಫಿಲ್ ಟಕರ್‌ಗೆ ರೋಬೋಟ್ ವೇಷ ಬೇಕಿತ್ತು, ಮಾಡಿಸಲು ದುಡ್ಡಿರಲಿಲ್ಲ. ಜಾರ್ಜ್ ಬ್ಯಾರೋಸ್ ಎಂಬ ನಟನ ಬಳಿ ಸ್ವಂತದ ಗೊರಿಲ್ಲಾ ವೇಷವಿತ್ತು. ಅವನನ್ನೇ ಕರೆಸಿ ತಲೆಗೊಂದು ಹೆಲ್ಮೆಟ್ ಹಾಕಿದರು. ಚಂದ್ರನಿಂದ ಬಂದ ರೋಬೋಟ್ ರೆಡಿ. ಗುಹೆಯಲ್ಲಿ ಕೂತ ಈ ರೋಬೋಟ್‌ನ ಪಕ್ಕದಲ್ಲೊಂದು ಯಂತ್ರ ಸೋಪಿನ ಗುಳ್ಳೆ ಬಿಡುತ್ತಿರುತ್ತದೆ. ಯಾಕೆ ಅಂತ ಚಿತ್ರ ಹೇಳುವುದಿಲ್ಲ. ಆದರೆ ಟೈಟಲ್ ಕಾರ್ಡಿನಲ್ಲಿ ಆ ಗುಳ್ಳೆ ಯಂತ್ರಕ್ಕೂ ಹೆಸರು ಕೊಟ್ಟಿದ್ದಾರೆ. ಸಂಗೀತ ಕೊಟ್ಟವನು ಎಲ್ಮರ್ ಬರ್ನ್‌ಸ್ಟೀನ್, ಮುಂದೆ ಆಸ್ಕರ್ ಗೆದ್ದವನು. ಕಣ್ಣು ಮುಚ್ಚಿ ಬರೀ ಸಂಗೀತ ಕೇಳಿದರೆ ಇದು ದೊಡ್ಡ ಚಿತ್ರವೇ ಅನಿಸಬೇಕು.

ನಿರ್ದೇಶಕ ಎಡ್ ವುಡ್‌ನ ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ, ನಾನು ಹಿಗ್ಗಿಸುವುದಿಲ್ಲ. ನಟ ಬೆಲಾ ಲುಗೋಸಿ 1956ರಲ್ಲಿ ತೀರಿಕೊಂಡ. ಅವನ ಮೇಲೆ ತೆಗೆದಿದ್ದ ಒಂದಿಷ್ಟು ಫಿಲ್ಮ್ ಮಾತ್ರ ಉಳಿದಿತ್ತು. ಉಳಿದ ದೃಶ್ಯಗಳಿಗೆ ಲುಗೋಸಿಯ ಬದಲು ತನ್ನ ಹೆಂಡತಿಗೆ ಬೆನ್ನುಮೂಳೆ ಚಿಕಿತ್ಸೆ ಮಾಡುತ್ತಿದ್ದವನನ್ನು ವುಡ್ ನಿಲ್ಲಿಸಿದ. ಎತ್ತರದಲ್ಲೂ ಮುಖದಲ್ಲೂ ಹೋಲಿಕೆಯಿಲ್ಲ. ಅದಕ್ಕೆ ಅವನು ಚಿತ್ರದುದ್ದಕ್ಕೂ ಮೇಲಂಗಿಯಿಂದ ಮುಖ ಮುಚ್ಚಿಕೊಂಡೇ ಓಡಾಡುತ್ತಾನೆ.

ನನಗೆ ಇದಕ್ಕಿಂತ ಇಷ್ಟ ಸೋವಿಯತ್ ಫಿಲ್ಮ್‌ಗಳ ಕಥೆ. ಅಲ್ಲಿ ಅಂತರಿಕ್ಷ ಸಿನಿಮಾಕ್ಕೆ ಸರ್ಕಾರದ ದುಡ್ಡಿತ್ತು. ಸೆಟ್ಟುಗಳು, ನೌಕೆಗಳು ನಿಜಕ್ಕೂ ಚೆನ್ನಾಗಿದ್ದವು. ಕಡಿಮೆ ಬಜೆಟ್ಟಿನ ದೊರೆ ಎನಿಸಿದ ರೋಜರ್ ಕಾರ್ಮನ್ ಅವುಗಳ ಹಕ್ಕನ್ನೇ ಕೊಂಡ. 1959ರ ಸೋವಿಯತ್ ಚಿತ್ರ ‘ನೆಬೋ ಜೊವ್ಯೋತ್’ ಅನ್ನು ಕೈಗೆ ಕೊಟ್ಟಿದ್ದು ಫ್ರಾನ್ಸಿಸ್ ಫೋರ್ಡ್ ಕಪೋಲಾ ಎಂಬ ಹುಡುಗನಿಗೆ. ಕಪೋಲಾ ಇಂಗ್ಲಿಷ್ ಡಬ್ಬಿಂಗ್ ಮಾಡಿಸಿ, ಎರಡು ರಾಕ್ಷಸ ಪ್ರಾಣಿಗಳ ಕುಸ್ತಿ ಸೇರಿಸಿ, ಅಮೆರಿಕದ ಸಿನಿಮಾ ಮಾಡಿಬಿಟ್ಟ. ಹತ್ತು ವರ್ಷದ ಮೇಲೆ ‘ಗಾಡ್‌ಫಾದರ್’ ಮಾಡಿದವನೂ ಇವನೇ.

ಪಾವೆಲ್ ಕ್ಲುಶಾಂತ್ಸೆವ್‌ನ 1962ರ ‘ಪ್ಲಾನೆಟಾ ಬುರ್’ ಎರಡು ಸಲ ಕತ್ತರಿಗೆ ಸಿಕ್ಕಿತು. ಶುಕ್ರನ ಮೇಲೆ ಇಳಿದ ಯಾತ್ರಿಗಳು, ಅವರ ಜತೆ ಒಂದು ದೈತ್ಯ ರೋಬೋಟ್. 1965ರಲ್ಲಿ ಹಾಲಿವುಡ್ ನಟರ ಕೆಲವು ದೃಶ್ಯ ಸೇರಿಸಿ ಒಂದು ಸಿನಿಮಾ. 1968ರಲ್ಲಿ ಪೀಟರ್ ಬಾಗ್ದನೋವಿಚ್ ಕೈಯಲ್ಲಿ ಇನ್ನೊಂದು, ಬೇರೆ ಹೆಸರಿನಲ್ಲಿ. ಈ ಎರಡನೆಯದರಲ್ಲಿ ಶುಕ್ರನ ಹೆಂಗಸರಿದ್ದಾರೆ, ಕಪ್ಪೆಚಿಪ್ಪಿನ ರವಿಕೆ ತೊಟ್ಟು ಕ್ಯಾಲಿಫೋರ್ನಿಯಾದ ಕಡಲ ದಂಡೆಯಲ್ಲಿ ಕೂತವರು. ಯಾತ್ರಿಗಳು ಕೊಂದ, ಡೈನೋಸಾರ್ ಕಾಲದ ಹಾರುವ ಸರೀಸೃಪದಂಥ ಪ್ರಾಣಿ ಇವರ ದೇವರು. ಸೇಡಿಗೆಂದು ಇವರು ಮಂತ್ರಶಕ್ತಿ ಬಳಸುತ್ತಾರೆ. ಆದರೆ ಹೆಂಗಸರೂ ಯಾತ್ರಿಗಳೂ ಒಂದೇ ಒಂದು ಸಲವೂ ಎದುರಾಗುವುದಿಲ್ಲ. ಹೇಗೆ ಆಗಬೇಕು? ಅವರು ರಷ್ಯಾದಲ್ಲಿ, ಇವರು ಅಮೆರಿಕದಲ್ಲಿ, ನಡುವೆ ಶೀತಲ ಸಮರ. ಕೊನೆಗೆ ಆ ಹೆಂಗಸರಿಗೆ ಕೆಟ್ಟು ಬಿದ್ದ ರೋಬೋಟೇ ಹೊಸ ದೇವರಾಗುತ್ತದೆ.

ಇಟಲಿಯಲ್ಲಿ ಮಾರಿಯೋ ಬಾವಾ 1965ರಲ್ಲಿ ‘ಪ್ಲಾನೆಟ್ ಆಫ್ ದ ವ್ಯಾಂಪೈರ್ಸ್’ ಮಾಡಿದ. ಪೌರಾಣಿಕ ಚಿತ್ರವೊಂದರಿಂದ ಉಳಿದ ಎರಡೇ ಪ್ಲಾಸ್ಟಿಕ್ ಬಂಡೆ ತನ್ನ ಬಳಿ ಇದ್ದದ್ದು ಎಂದು ಅವನೇ ಹೇಳಿಕೊಂಡಿದ್ದಾನೆ. ಬಾಕಿಯೆಲ್ಲ ಹೊಗೆ, ಬಣ್ಣದ ಬೆಳಕು, ಕನ್ನಡಿ. ನೋಡಿದರೆ ಎರಡು ಬಂಡೆ ಅನಿಸುವುದೇ ಇಲ್ಲ. ನಮ್ಮಲ್ಲೂ ಇಂಥವು ಬಂದವು. 1967ರ ಹಿಂದಿ ‘ಚಾಂದ್ ಪರ್ ಚಢಾಯಿ’ಯಲ್ಲಿ ಚಂದ್ರನಿಗೆ ಹೋಗುವವನು ಪೈಲ್ವಾನ ದಾರಾ ಸಿಂಗ್. ಅದಕ್ಕೂ ನಾಲ್ಕು ವರ್ಷ ಮುಂಚೆ ಎಂ.ಜಿ.ಆರ್. ಅವರ ತಮಿಳು ‘ಕಲೈ ಅರಸಿ’ ಬಂದಿತ್ತು. ಅದರಲ್ಲಿ ಬೇರೆ ಗ್ರಹದವರು ಭಾನುಮತಿಯನ್ನು ಹೊತ್ತೊಯ್ಯುತ್ತಾರೆ. ಕಾರಣ? ಅವರಿಗೆ ವಿಜ್ಞಾನ ಗೊತ್ತು, ಸಂಗೀತ ಗೊತ್ತಿಲ್ಲ! ಭೂಮಿಯನ್ನು ಗೆಲ್ಲಲು ಬಂದ ಹಾಲಿವುಡ್‌ನ ಎಷ್ಟೋ ಜೀವಿಗಳಿಗಿಂತ ಇವರದು ಒಳ್ಳೆಯ ಕಾರಣ, ಅಲ್ವಾ?

1977ರಲ್ಲಿ ‘ಸ್ಟಾರ್ ವಾರ್ಸ್’ ಬಂದ ಮೇಲೆ ಕಡಿಮೆ ದುಡ್ಡಿನವರಿಗೆ ಕಷ್ಟವಾಯಿತು. ನೋಡುವವರ ಕಣ್ಣು ಬದಲಾಗಿತ್ತು. ಕಾರ್ಮನ್ ಸುಮಾರು 20 ಲಕ್ಷ ಡಾಲರ್ ಹಾಕಿ 1980ರಲ್ಲಿ ‘ಬ್ಯಾಟಲ್ ಬಿಯಾಂಡ್ ದ ಸ್ಟಾರ್ಸ್’ ಮಾಡಿಸಿದ. ಅವನ ಲೆಕ್ಕದಲ್ಲಿ ಅದು ದೊಡ್ಡ ಮೊತ್ತ. ಹಾಗಾಗಿ ಅದರ ನೌಕೆಗಳ ದೃಶ್ಯವನ್ನೂ ಸಂಗೀತವನ್ನೂ ಮುಂದಿನ ಚಿತ್ರಗಳಲ್ಲಿ ಮತ್ತೆ ಮತ್ತೆ ಹಾಕಿ ಅಸಲು ಎತ್ತಿಕೊಂಡ. ಆ ಚಿತ್ರದ ಕಲಾ ನಿರ್ದೇಶಕ ಜೇಮ್ಸ್ ಕ್ಯಾಮರೂನ್. ಮರುವರ್ಷ ‘ಗ್ಯಾಲಕ್ಸಿ ಆಫ್ ಟೆರರ್’ ಚಿತ್ರಕ್ಕೆ ನೌಕೆಯ ಗೋಡೆ ಬೇಕಾದಾಗ ಕ್ಯಾಮರೂನ್ ತಂಡ ಹ್ಯಾಂಬರ್ಗರ್ ಕಟ್ಟಿಕೊಡುವ ಥರ್ಮಾಕೋಲ್ ಡಬ್ಬಿಗಳನ್ನು ಸಾಲಾಗಿ ಅಂಟಿಸಿ ಬಣ್ಣ ಹೊಡೆಯಿತು.

ಇವನ್ನು ನೋಡಿ ನಗುವುದೇ ಒಂದು ಆಟವಾದದ್ದು ಆಮೇಲೆ. 1980ರಲ್ಲಿ ಮೆಡ್‌ವೆಡ್ ಸೋದರರ ಪುಸ್ತಕವೊಂದು ಎಡ್ ವುಡ್‌ನ ಚಿತ್ರಕ್ಕೆ ‘ಎಲ್ಲ ಕಾಲದ ಅತಿ ಕೆಟ್ಟ ಚಿತ್ರ’ ಎಂಬ ಪಟ್ಟ ಕೊಟ್ಟಿತು. 1988ರಲ್ಲಿ ಮಿನಿಯಾಪೊಲಿಸ್‌ನ ಸಣ್ಣ ಟಿ.ವಿ. ಚಾನೆಲ್ಲಿನಲ್ಲಿ ಒಬ್ಬ ಮನುಷ್ಯ, ಕೆಲವು ಬೊಂಬೆ ರೋಬೋಟ್‌ಗಳು ಕೂತು ಇಂಥ ಸಿನಿಮಾಗಳಿಗೆ ಕೊಂಕು ಮಾತಾಡುವ ಕಾರ್ಯಕ್ರಮ ಶುರುವಾಯಿತು. ಅದರ ರೋಬೋಟ್‌ಗಳೂ ಆಟದ ಸಾಮಾನು, ಹಳೆ ಡಬ್ಬಿಗಳಿಂದಲೇ ಆದವು. ಹಾಗಾಗಿ ಅವರ ನಗುವಿನಲ್ಲಿ ಮನೆಯವರ ಸಲುಗೆ ಇತ್ತು. ಬೇಕೆಂದೇ ಕೆಟ್ಟದಾಗಿ ತೆಗೆಯುವ ಈಗಿನ ಚಿತ್ರಗಳ ಮೇಲೆ ನನಗೆ ಆ ಸಲುಗೆ ಬರುವುದಿಲ್ಲ. ಗೊರಿಲ್ಲಾಗೆ ಹೆಲ್ಮೆಟ್ ಹಾಕಿದವನು ನಗಿಸಲು ಹಾಕಿರಲಿಲ್ಲ.

ಹೊಸದಾಗಿ ನೋಡುವವರು ‘ಪ್ಲಾನ್ 9’ರಿಂದ ಶುರುಮಾಡಬೇಡಿ. ಮೊದಲು ‘ಪ್ಲಾನೆಟಾ ಬುರ್’ ನೋಡಿ, ಅದು ನಿಜಕ್ಕೂ ಒಳ್ಳೆಯ ಚಿತ್ರ. ಆಮೇಲೆ 1968ರ ಅಮೆರಿಕದ ಆವೃತ್ತಿ ಹಾಕಿಕೊಳ್ಳಿ. ಕತ್ತರಿ ಎಲ್ಲಿ ಬಿತ್ತು, ಕಡಲ ದಂಡೆ ಎಲ್ಲಿ ಶುರುವಾಯಿತು ಅಂತ ಹುಡುಕುತ್ತಾ ಕೂತರೆ ಒಂದು ಸಂಜೆ ಸಲೀಸಾಗಿ ಕಳೆಯುತ್ತದೆ.