ನಾಯಿ ಮರೆತಿಲ್ಲ, ಹಳೇ ಪಾಠ ಮರಳಿದೆ

ಕರೆಗಂಟೆ ಕೇಳಿದರೆ ಸಾಕು, ಎಗರಾಡಿ ಬೊಗಳುತ್ತಿದ್ದ ನಾಯಿ. ತರಬೇತಿಯ ನಂತರ ವಾರಗಟ್ಟಲೆ ಸುಮ್ನಿತ್ತು. ಒಂದು ದಿನ ಇದ್ದಕ್ಕಿದ್ದಂತೆ ಮೊದಲಿನ ಹಾಗೇ ಶುರು. "ಕಲಿಸಿದ್ದೆಲ್ಲ ಮರೆತುಬಿಟ್ಟಿದೆ ಡಾಕ್ಟ್ರೇ" ಎನ್ನುತ್ತಾರೆ ಮನೆಯವರು. ಪ್ರಾಣಿಗಳ ವರ್ತನೆ ತಿದ್ದುವ ನನ್ನ ಕೆಲಸದಲ್ಲಿ ಈ ದೂರು ಬಲು ಸಾಮಾನ್ಯ. ನಿಜ ಏನೆಂದರೆ ನಾಯಿ ಏನನ್ನೂ ಮರೆತಿಲ್ಲ. ಹಳೇ ಪಾಠವೂ ತಲೆಯಲ್ಲಿದೆ, ಹೊಸದೂ ಇದೆ. ಎರಡೂ ಒಂದೇ ಗಂಟೆಗೆ ಅಂಟಿಕೊಂಡು ಪೈಪೋಟಿ ನಡೆಸುತ್ತಿವೆ.

ಇದನ್ನು ಮೊದಲು ವಿವರವಾಗಿ ದಾಖಲಿಸಿದವರು ರಷ್ಯಾದ ಇವಾನ್ ಪಾವ್ಲೋವ್. ಸದ್ದಿನ ಜೊತೆ ಆಹಾರ ಕೊಟ್ಟು ಕೊಟ್ಟು, ಸದ್ದಿಗೇ ಜೊಲ್ಲು ಸುರಿಸುವಂತೆ ನಾಯಿಗಳನ್ನು ಅವರು ಪಳಗಿಸಿದ್ದು ಗೊತ್ತೇ ಇದೆ. ಆಮೇಲಿನ ಕಥೆ ಅಷ್ಟಾಗಿ ಯಾರಿಗೂ ನೆನಪಿರುವುದಿಲ್ಲ. ಆಹಾರ ಕೊಡದೆ ಬರೀ ಸದ್ದನ್ನೇ ಕೇಳಿಸುತ್ತಾ ಹೋದಾಗ ಜೊಲ್ಲು ಕಡಿಮೆಯಾಗಿ ನಿಂತುಹೋಯಿತು. ಸ್ವಲ್ಪ ಹೊತ್ತು ಬಿಡುವು ಕೊಟ್ಟು ಮತ್ತೆ ಕೇಳಿಸಿದರೆ, ಯಾರೂ ಏನೂ ಕಲಿಸದಿದ್ದರೂ, ಜೊಲ್ಲು ಹಾಜರ್! ನಂಟು ಅಳಿದಿರಲಿಲ್ಲ, ಅದುಮಿಟ್ಟಂತೆ ಇತ್ತು ಅಷ್ಟೇ.

ಕಾಲ ಕಳೆಯುವುದರಿಂದ ಮಾತ್ರ ಹೀಗಾಗುವುದಲ್ಲ. 1979ರಲ್ಲಿ ಮಾರ್ಕ್ ಬೌಟನ್ ಮತ್ತು ರಾಬರ್ಟ್ ಬೋಲ್ಸ್ ಇಲಿಗಳಲ್ಲಿ ಜಾಗದ ಪಾತ್ರವನ್ನು ತೋರಿಸಿದರು. ಒಂದು ಪೆಟ್ಟಿಗೆಯಲ್ಲಿ ಹುಟ್ಟಿಸಿದ ಭಯವನ್ನು ಬೇರೆ ಪೆಟ್ಟಿಗೆಯಲ್ಲಿ ತಣಿಸಿದರು. ಇಲಿಯನ್ನು ಮೊದಲ ಪೆಟ್ಟಿಗೆಗೆ ಮರಳಿಸಿದ ಕೂಡಲೇ ಭಯವೂ ಮರಳಿತು. ಬೌಟನ್ ಮುಂದೆ ಕೊಟ್ಟ ವಿವರಣೆ ನನಗೆ ತುಂಬಾ ಉಪಯೋಗಕ್ಕೆ ಬಂದಿದೆ: ಮೊದಲು ಕಲಿತದ್ದು ಎಲ್ಲಿ ಹೋದರೂ ಜೊತೆಗೆ ಬರುತ್ತದೆ, ಅದಕ್ಕೆ ವಿರುದ್ಧವಾಗಿ ಆಮೇಲೆ ಕಲಿತದ್ದು ಆ ಜಾಗಕ್ಕೆ, ಆ ಹೊತ್ತಿಗೆ ಕಟ್ಟುಬೀಳುತ್ತದೆ. ತರಬೇತಿ ಅಂಗಳದಲ್ಲಿ ಧೈರ್ಯವಾಗಿರುವ ನಾಯಿ ಮನೆ ಬಾಗಿಲಲ್ಲಿ ನಡುಗುತ್ತದೆ ಎಂದರೆ ಅದು ನಾಟಕ ಆಡುತ್ತಿಲ್ಲ. 'ಇಲ್ಲಿ ಭಯವಿಲ್ಲ' ಎಂಬುದನ್ನು ಅದು ಅಂಗಳದಲ್ಲಿ ಮಾತ್ರ ಕಲಿತಿದೆ.

ಹಾಗಾಗಿ ಒಂದು ತರಗತಿಯ ಕೊನೆಯಲ್ಲಿ ನಾಯಿ ಎಷ್ಟು ಶಾಂತವಾಗಿತ್ತು ಎಂದು ನಾನು ಜಾಸ್ತಿ ಕೇಳುವುದಿಲ್ಲ. ಮರುದಿನ ಮೊದಲ ಸಲ ಗಂಟೆ ಹೊಡೆದಾಗ ಏನು ಮಾಡಿತು? ನನಗೆ ಬೇಕಾದ ಮಾಹಿತಿ ಅದು. ಆ ಮೊದಲ ಸಲ ಒಂದಿಷ್ಟು ಬೊಗಳಿದರೆ ಗಾಬರಿ ಬೇಡ. ಅದಕ್ಕೆ ಸೊಪ್ಪು ಹಾಕದೆ ಅಭ್ಯಾಸ ಮುಂದುವರಿಸಿದರೆ ಮರಳಿದ್ದು ಸಾಮಾನ್ಯವಾಗಿ ಬೇಗ ಇಳಿಯುತ್ತದೆ. ಆ ಹೊತ್ತಲ್ಲೇ 'ಪಾಪ' ಎಂದು ಬಿಸ್ಕತ್ತು ಕೊಟ್ಟಿರೋ, ಕೆಲಸ ಕೆಟ್ಟಿತು. ಆಗೊಮ್ಮೆ ಈಗೊಮ್ಮೆ ಲಾಭ ಸಿಗುವ ಅಭ್ಯಾಸ, ಪ್ರತಿ ಸಲವೂ ಲಾಭ ಸಿಗುತ್ತಿದ್ದ ಅಭ್ಯಾಸಕ್ಕಿಂತ ನಿಧಾನವಾಗಿ ಮಾಸುತ್ತದೆ.

ಅಭ್ಯಾಸವನ್ನು ಬೇರೆ ಬೇರೆ ಕೋಣೆಗಳಲ್ಲಿ, ಬೇರೆ ಬೇರೆ ಜನರೊಂದಿಗೆ, ಬೆಳಗ್ಗೆಯೂ ಸಂಜೆಯೂ ಮಾಡಿಸಿ. ಒಂದೇ ದಿನ ಎರಡು ಗಂಟೆ ಜಗ್ಗಾಡುವುದಕ್ಕಿಂತ ಚಿಕ್ಕ ಚಿಕ್ಕದಾಗಿ ಹಲವು ದಿನ ಮಾಡುವುದನ್ನೇ ನಾನು ಹೇಳುವುದು. ಸಮಸ್ಯೆ ಮೊದಲು ಹುಟ್ಟಿದ ಜಾಗದಲ್ಲಂತೂ ತಪ್ಪದೆ ಮಾಡಿಸಿ. ಜನ ತಪ್ಪಿಸುವುದು ಅದನ್ನೇ, ಅಲ್ವಾ?

ಇನ್ನು ಮರಿಗಳ ವಿಷಯ. 1959ರಲ್ಲಿ ಲುಬೊ ಮತ್ತು ಮೂರ್ ಎಂಬ ಸಂಶೋಧಕರು ಕುರಿ, ಆಡುಗಳಲ್ಲಿ ಒಂದು ಸಂಗತಿ ಕಂಡರು. ಮೊದಲೇ ಹಲವು ಸಲ ಕಂಡು, ಏನೂ ಆಗದೆ ಹೋದ ಸೂಚನೆಗೆ ಆಮೇಲೆ ಹೊಸ ನಂಟು ಬೆಸೆಯುವುದು ನಿಧಾನ. ಸೂಜಿ ಚುಚ್ಚುವ ಮೊದಲೇ ಮರಿಯನ್ನು ಕ್ಲಿನಿಕ್ಕಿಗೆ ನಾಲ್ಕಾರು ಸಲ ಸುಮ್ನೆ ಕರೆದುಕೊಂಡು ಬನ್ನಿ ಎಂದು ನಾನು ಹೇಳುವುದು ಇದಕ್ಕೇ. ತೂಕ ನೋಡಿ, ತಿಂಡಿ ತಿನ್ನಿಸಿ, ವಾಪಸ್ ಕಳಿಸುತ್ತೇವೆ.